ತಾಯಿ ಚಿಟ್ಟೆಯ ಪರೀಕ್ಷೆ ನಂಬುತ್ತೀರಿ, ನಿಮ್ಮ ರಿಪೋರ್ಟ್ ಯಾಕೆ ನಂಬಲ್ಲ?

(ಶಿಡ್ಲಘಟ್ಟದಲ್ಲಿ ಒಂದು ಭಾನುವಾರ ಬೆಳಿಗ್ಗೆ ರೇಷ್ಮೆ ಬೆಳೆಗಾರರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮತ್ತು ಅವರ ಮನೆಯ ಹುಡುಗ ಹುಡುಗಿಯರ ಮುಂದೆ ಎಚ್‌ಐವಿ ಪರೀಕ್ಷೆಯ ಆಪ್ತ ಸಮಾಲೋಚಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)

ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳು ಮೇಯಿಸಬೇಕು ಅಂತ ಹೊರಟಾಗ ಏನು ವಿಚಾರಿಸುತ್ತೀರಿ? ರೋಗ ಇಲ್ಲದ ಮೊಟ್ಟೆಯಾ, ಮೊಟ್ಟೆ ತಯಾರಿಸುವ ಯಾವ ಬಿತ್ತನೆ ಕೋಠಿಯದು, ಇಷ್ಟೇ ಅಲ್ವಾ. ಅಲ್ಲಿ ಪರೀಕ್ಷೆ ಮಾಡಿದವರ ಮುಖ ನೀವು ನೋಡಿಲ್ಲ. ಮೈಕ್ರೋಸ್ಕೋಪಿಗೆ ನೀವು ಕಣ್ಣಿಟ್ಟಿಲ್ಲ. ಆದರೂ ಆ ಮೊಟ್ಟೆಯ ಮರಿಹುಳು ಮನೆಗೆ ಬರುತ್ತವೆ. ತಿಂಗಳ ದುಡಿಮೆ, ತೋಟದ ಸೊಪ್ಪು, ಮನೆಯವರ ನಿದ್ದೆ, ಎಲ್ಲವನ್ನೂ ಆ ಒಂದು ಪರೀಕ್ಷೆಯ ಮೇಲೆ ಇಡುತ್ತೀರಿ.

ನಾನೂ ಹುಳು ಮನೆಯಲ್ಲೇ ಬೆಳೆದವಳು. ಜಂಗಮಕೋಟೆ ಕಡೆ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಆ ಸದ್ದಿನಲ್ಲೇ ನಾನು ಓದಿ ಪರೀಕ್ಷೆ ಬರೆದದ್ದು. ಆಮೇಲೆ ಬದುಕು ಬೇರೆ ಕಡೆ ಕರೆದುಕೊಂಡು ಹೋಯಿತು. ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ ಆಯಿತು. ಈ ಎರಡು ಕೆಲಸಕ್ಕೂ ಎಷ್ಟು ನಂಟಿದೆ ಅಂತ ನನಗೆ ಹೊಳೆದದ್ದು ತುಂಬಾ ತಡವಾಗಿ. ಅದನ್ನೇ ಇವತ್ತು ಹೇಳುತ್ತೇನೆ.

ರೇಷ್ಮೆ ಹುಳುವಿಗೆ ಬರುವ ಗಂಟು ರೋಗದಿಂದ ಶುರು ಮಾಡೋಣ. ಆ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆ ನೋಡಿದರೆ ಏನೂ ಗೊತ್ತಾಗಲ್ಲ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆ ಈ ರೋಗದಿಂದ ನೆಲ ಕಚ್ಚಿತ್ತು. ಆಗ ಅಲ್ಲಿಗೆ ಹೋದವರು ಲೂಯಿ ಪಾಶ್ಚರ್. ಹುಚ್ಚು ನಾಯಿ ಕಡಿತಕ್ಕೆ ಲಸಿಕೆ ಮಾಡಿದರಲ್ಲ, ಅದೇ ಪಾಶ್ಚರ್. ಅವರು ಒಂದು ದಾರಿ ಕಂಡುಕೊಂಡರು. ಒಂದೊಂದು ಚಿಟ್ಟೆಯ ಮೊಟ್ಟೆಯನ್ನೂ ಬೇರೆ ಬೇರೆ ಇಡು. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆ ನಾಶ ಮಾಡು. ಕಾಣದಿದ್ದರೆ ಮೇಯಿಸು. ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳು ನಡೆಯುವುದು ಇದೇ ತತ್ವದ ಮೇಲೆ. ಈ ಊರು ಉಣ್ಣುತ್ತಿರುವುದು ಒಂದು ನೆಗೆಟಿವ್ ರಿಪೋರ್ಟಿನ ಮೇಲೆ. ನನಗೆ ಇದು ದೊಡ್ಡ ವಿಷಯ ಅನ್ನಿಸುತ್ತದೆ.

ಆದರೆ ಅದೇ ರೇಷ್ಮೆ ಊರಿನ ಮನುಷ್ಯ ತನ್ನ ರಕ್ತದ ರಿಪೋರ್ಟ್ ನೆಗೆಟಿವ್ ಅಂತ ಕೈಗೆ ಕೊಟ್ಟರೆ ನಂಬಲ್ಲ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಊರು, ಕೆಲಸ ಬದಲಿಸಿದ್ದೇನೆ. ಟೊಮೆಟೊ ಗಾಡಿ ಓಡಿಸುತ್ತಿದ್ದ ಅಂತ ಇಟ್ಟುಕೊಳ್ಳಿ. ವಯಸ್ಸು 24. ಲೋಡ್ ಇಳಿಸಲು ಹೋದ ಕಡೆ ಒಂದು ರಾತ್ರಿ ಒಬ್ಬ ಹೆಂಗಸಿನ ಜೊತೆ ಇದ್ದ. ಕಾಂಡೋಮ್ ಹಾಕಿದ್ದ. ಅದು ಹರಿದಿತ್ತೇನೋ ಅಂತ ಆಮೇಲೆ ಅನುಮಾನ ಬಂತು. ಒಂದೂವರೆ ತಿಂಗಳಿಗೆ ಬಂದ. ಪರೀಕ್ಷೆ ನೆಗೆಟಿವ್. ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಬಾ ಅಂದೆ, ಬಂದ. ನೆಗೆಟಿವ್. ಅವತ್ತು ಅತ್ತುಬಿಟ್ಟ, ಕೈ ಮುಗಿದ. ಎಲ್ಲ ಮುಗಿಯಿತು ಅಂದುಕೊಂಡೆ.

ಎಂಟು ದಿನಕ್ಕೆ ಬಾಗಿಲಲ್ಲಿ ನಿಂತಿದ್ದ. “ಅಕ್ಕಾ, ಅವತ್ತು ಸೂಜಿ ಹಾಕಿದಾಗ ರಕ್ತ ಸ್ವಲ್ಪವೇ ಬಂತು. ಸಾಕಾಗಿತ್ತಾ?” ಸಾಕಾಗಿತ್ತು ಅಂದೆ. ಇನ್ನೊಂದು ವಾರ ಬಿಟ್ಟು ಬಂದ. “ಅಕ್ಕಾ, ಹಿಂದಿನ ರಾತ್ರಿ ಕುಡಿದಿದ್ದೆ. ಅದಕ್ಕೆ ಗೊತ್ತಾಗದೆ ಹೋಯ್ತಾ?” ಇಲ್ಲಪ್ಪಾ ಅಂದೆ. “ನನ್ನ ಟ್ಯೂಬು ಬೇರೆಯವರ ಜೊತೆ ಅದಲು ಬದಲಾಗಿದ್ದರೆ?” ಈ ಪ್ರಶ್ನೆ ಕೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಪಾಪ ಅನ್ನಿಸಿತು. ಇನ್ನೊಂದು ಸಲ ಪರೀಕ್ಷೆ ಮಾಡಿಸಿದೆ. ನೆಗೆಟಿವ್. ಆಮೇಲೂ ಒಂದು ಸಲ. ನಡುವೆ ನನಗೆ ಹೇಳದೆ ಬೆಂಗಳೂರಿಗೆ ಹೋಗಿ ಮೂರು ಸಲ ಕಾಸು ಕೊಟ್ಟು ಮಾಡಿಸಿದ್ದ. ಹನ್ನೊಂದು ತಿಂಗಳಲ್ಲಿ ಏಳು ಪರೀಕ್ಷೆ, ಏಳೂ ನೆಗೆಟಿವ್. ಹುಡುಗ ಎಂಟು ಕೆಜಿ ಇಳಿದಿದ್ದ. ತೂಕ ಇಳಿದದ್ದೇ ಕಾಯಿಲೆಗೆ ಸಾಕ್ಷಿ ಅಂತ ಅವನ ವಾದ.

ಇಲ್ಲಿ ತಪ್ಪು ನನ್ನದೂ ಇದೆ. ಮೂರನೇ, ನಾಲ್ಕನೇ ಪರೀಕ್ಷೆ ನಾನು ಮಾಡಿಸಬಾರದಿತ್ತು. ಕರುಣೆ ಅಂದುಕೊಂಡು ಮಾಡಿದೆ. ನಾನು ಒಪ್ಪಿದ ಕೂಡಲೇ ಅವನ ಮನಸ್ಸಿಗೆ ಏನು ಕೇಳಿಸಿರಬೇಕು ಯೋಚಿಸಿ. “ಅಕ್ಕನಿಗೂ ಅನುಮಾನ ಇದೆ” ಅಂತ. ಒಂದೊಂದು ಪರೀಕ್ಷೆಯೂ ಅವನಿಗೆ ನಾಲ್ಕು ದಿನ ನೆಮ್ಮದಿ ಕೊಟ್ಟಿತು, ಐದನೇ ದಿನ ಭಯಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಅವನು ಕೇಳಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಇದೆ. ಇಲ್ಲಿ ಕೂತಿರುವ ಯಾರಿಗಾದರೂ ಅದೇ ಪ್ರಶ್ನೆ ಇರಬಹುದು. ಅದಕ್ಕೆ ಒಂದೊಂದಾಗಿ ಹೇಳುತ್ತೇನೆ.

ಎಚ್‌ಐವಿ ರಾಪಿಡ್ ಟೆಸ್ಟಿಗೆ ಬೇಕಾಗುವುದು ಹನಿ ಲೆಕ್ಕದ ರಕ್ತ. ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ದಿನ ಕುಡಿದಿದ್ದರೂ, ಜ್ವರದ ಮಾತ್ರೆ ನುಂಗಿದ್ದರೂ, ಕಷಾಯ ಕುಡಿದಿದ್ದರೂ ಪಾಸಿಟಿವ್ ಇದ್ದದ್ದು ನೆಗೆಟಿವ್ ಆಗಲ್ಲ. ಕಿಟ್ಟಿನಲ್ಲಿ ಕಂಟ್ರೋಲ್ ಅಂತ ಒಂದು ಗುರುತಿನ ಜಾಗ ಇರುತ್ತದೆ. ಪರೀಕ್ಷೆ ಸರಿಯಾಗಿ ನಡೆದರೆ ಮಾತ್ರ ಅಲ್ಲಿ ಗೆರೆಯೋ ಚುಕ್ಕಿಯೋ ಮೂಡುತ್ತದೆ. ಮೂಡದಿದ್ದರೆ ಅದನ್ನು ನೆಗೆಟಿವ್ ಅಂತ ಬರೆಯುವುದಿಲ್ಲ. ಆ ಕಿಟ್ ಪಕ್ಕಕ್ಕಿಟ್ಟು ಹೊಸದು ತೆಗೆಯುತ್ತಾರೆ. ಇನ್ನು ಟ್ಯೂಬು ಅದಲು ಬದಲಾಗುವ ವಿಷಯ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ. ಚೀಟಿ, ಟ್ಯೂಬು, ರಿಜಿಸ್ಟರ್ ಮೂರರಲ್ಲೂ ಅದೇ ನಂಬರ್. ಆ ಹುಡುಗನ ವಿಷಯದಲ್ಲಿ ಏಳು ಸಲ, ಬೇರೆ ಬೇರೆ ಕಡೆ, ಬೇರೆ ಬೇರೆ ಕೈಯಲ್ಲಿ ಅದಲು ಬದಲಾಗಬೇಕು. ಹಾಗೆ ಆಗುತ್ತದಾ?

ಸ್ವಲ್ಪ ಓದಿಕೊಂಡವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. “ಮೇಡಂ, ಪಾಸಿಟಿವ್ ಬಂದರೆ ಮೂರು ಬೇರೆ ಬೇರೆ ಟೆಸ್ಟ್ ಮಾಡಿ ಖಚಿತ ಮಾಡುತ್ತೀರಿ. ನೆಗೆಟಿವ್‌ಗೆ ಒಂದೇ ಟೆಸ್ಟಿಗೆ ನಿಲ್ಲಿಸುತ್ತೀರಿ. ಇದು ಅನ್ಯಾಯ ಅಲ್ವಾ?” ಒಳ್ಳೆಯ ಪ್ರಶ್ನೆ. ಮೊದಲನೇ ಟೆಸ್ಟನ್ನು ಆರಿಸುವುದೇ ಯಾರೂ ತಪ್ಪಿಸಿಕೊಳ್ಳಬಾರದು ಅಂತ. ಅದರ ಕಣ್ಣು ಅತಿ ಚುರುಕು. ಇಲ್ಲದ ಕಡೆಯೂ ಒಮ್ಮೊಮ್ಮೆ ಇದೆ ಅಂದುಬಿಡುತ್ತದೆ. ಅದಕ್ಕೇ ಅದು ಇದೆ ಅಂದಾಗ ಇನ್ನೆರಡು ಟೆಸ್ಟ್ ಬೇಕು. ಅಂಥ ಚುರುಕು ಕಣ್ಣೇ “ಇಲ್ಲ” ಅಂದ ಮೇಲೆ ಆ “ಇಲ್ಲ” ಅನ್ನುವ ಮಾತು ಗಟ್ಟಿ. ಸಣ್ಣ ಸದ್ದಿಗೂ ಬೊಗಳುವ ನಾಯಿ ರಾತ್ರಿಯೆಲ್ಲ ಸುಮ್ಮನಿತ್ತು ಅಂದರೆ ಅಂಗಳಕ್ಕೆ ಯಾರೂ ಬಂದಿಲ್ಲ ಅಂತ ತಾನೇ?

ಲೆಕ್ಕದಲ್ಲೂ ನೋಡೋಣ. ಇಲ್ಲಿ ಗೂಡಿನ ಲೆಕ್ಕ ಬಾಯಲ್ಲೇ ಹಾಕುವವರು ಇದ್ದೀರಿ. ನಮ್ಮ ದೇಶದಲ್ಲಿ ದೊಡ್ಡವರ ಪೈಕಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಎಚ್‌ಐವಿ ಇದೆ. ನಾವು ಜಾಸ್ತಿಯೇ ಹಿಡಿಯೋಣ, ನೂರಕ್ಕೆ ಒಬ್ಬರು ಅನ್ನೋಣ. ಹತ್ತು ಸಾವಿರ ಜನ ಪರೀಕ್ಷೆಗೆ ಬಂದರು. ಅವರಲ್ಲಿ ನೂರು ಜನಕ್ಕೆ ಸೋಂಕು ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಬೇಕಾದರೆ ಕಿಟ್ಟು ಅಂಥ ನೂರರಲ್ಲಿ ಕನಿಷ್ಠ 99 ಜನರನ್ನು ಹಿಡಿಯಬೇಕು. ತಪ್ಪಿಸಿಕೊಂಡರೆ ಒಬ್ಬರು. ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋಗುವವರು ಒಂಬತ್ತು ಸಾವಿರಕ್ಕೂ ಮೇಲೆ. ಅಷ್ಟು ಜನರಲ್ಲಿ ಆ ಒಬ್ಬರು. ಇದನ್ನೇ ನಾವು ಹಗಲೂ ರಾತ್ರಿ ಹೊತ್ತು ತಿರುಗುವುದು.

ಹಾಗಂತ ಎಲ್ಲ ನೆಗೆಟಿವ್ ರಿಪೋರ್ಟನ್ನೂ ಕಣ್ಣು ಮುಚ್ಚಿ ನಂಬಿ ಅಂತ ನಾನು ಹೇಳುವುದಿಲ್ಲ. ಎರಡು ವಿಷಯ ನೋಡಬೇಕು. ಯಾವ ದಿನ ಮಾಡಿಸಿದಿರಿ? ಯಾವ ರೋಗಕ್ಕೆ ಮಾಡಿಸಿದಿರಿ?

ಮೊದಲು ದಿನದ ಮಾತು. ತಾಯಿ ಚಿಟ್ಟೆಯನ್ನು ತೀರಾ ಬೇಗ ಅರೆದು ನೋಡಿದರೆ ಗಂಟು ರೋಗದ ಕಣ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕೆ ಕೆಲವು ದಿನ ಬಿಟ್ಟು ನೋಡುವ ಕ್ರಮವೂ ಇದೆ. ಎಚ್‌ಐವಿಗೂ ಹಾಗೇ. ಸೋಂಕು ತಗುಲಿದ ದಿನವೇ ಟೆಸ್ಟಿನಲ್ಲಿ ಕಾಣಲ್ಲ. ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸಬೇಕು, ಅದನ್ನು ಟೆಸ್ಟು ಹಿಡಿಯಬೇಕು. ಈ ನಡುವಿನ ಕಾಲಕ್ಕೆ ವಿಂಡೋ ಪೀರಿಯಡ್ ಅನ್ನುತ್ತೇವೆ. ಲ್ಯಾಬಿನಲ್ಲಿ ನರದಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ವೈರಸ್ಸಿನ ಒಂದು ಭಾಗವನ್ನೂ ಹುಡುಕುತ್ತದೆ. ಅದು 45 ದಿನಕ್ಕೆ ನೆಗೆಟಿವ್ ಅಂದರೆ ನಂಬಬಹುದು. ರಾಪಿಡ್ ಟೆಸ್ಟಿಗೆ 90 ದಿನ ಲೆಕ್ಕ ಇಡಿ. ಆ ಹುಡುಗನ ಎರಡನೇ ಟೆಸ್ಟ್ ಆ ಗಡಿ ದಾಟಿತ್ತು. ಅವನ ಉತ್ತರ ಅವತ್ತೇ ಸಿಕ್ಕಿತ್ತು. ಉಳಿದ ಐದು ಟೆಸ್ಟ್ ಹೊಸದಾಗಿ ಏನನ್ನೂ ಹೇಳಲಿಲ್ಲ.

ಇಲ್ಲಿ ಒಂದು ಮಾತು ನಡುವೆ ಸೇರಿಸಿಬಿಡುತ್ತೇನೆ. ಭಯ ಪಡುವಂಥ ಸಂಪರ್ಕ ನಿನ್ನೆಯೋ ಮೊನ್ನೆಯೋ ಆಗಿದ್ದರೆ ಮೂರು ತಿಂಗಳು ಕಾಯುತ್ತಾ ಕೂರಬೇಡಿ. 72 ಗಂಟೆ ಒಳಗೆ ವೈದ್ಯರ ಹತ್ತಿರ ಓಡಿ. ಬೇಕು ಅನ್ನಿಸಿದರೆ ಅವರು 28 ದಿನದ ಮಾತ್ರೆ ಶುರು ಮಾಡುತ್ತಾರೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಆ ಮಾತ್ರೆ ತಗೊಂಡವರು ಟೆಸ್ಟಿನ ದಿನವನ್ನು ಮಾತ್ರೆ ಮುಗಿದಲ್ಲಿಂದ ಎಣಿಸಬೇಕು.

ಈಗ ರೋಗದ ಮಾತು. ಗಂಟು ರೋಗ ಇಲ್ಲ ಅಂತ ಪಾಸಾದ ಮೊಟ್ಟೆಗೆ ಸುಣ್ಣಕಟ್ಟು ಅನ್ನುವ ಇನ್ನೊಂದು ಹುಳು ರೋಗ ಬರಲ್ಲ ಅಂತ ಯಾರಾದರೂ ಹೇಳುತ್ತೀರಾ? ಹಾಲುತೊಂಡೆ ರೋಗ ಬರಲ್ಲ ಅಂತ? ಇಲ್ಲ. ಒಂದು ಪರೀಕ್ಷೆ ಒಂದು ರೋಗದ ಮಾತು ಮಾತ್ರ ಹೇಳುತ್ತದೆ. ಆದರೆ ನಮ್ಮ ಜನ “ಬ್ಲಡ್ ಟೆಸ್ಟ್ ಮಾಡಿಸಿದೆ, ಎಲ್ಲ ಕ್ಲಿಯರ್” ಅಂದುಬಿಡುತ್ತಾರೆ. ಗೊನೋರಿಯಾ, ಕ್ಲಮೈಡಿಯಾ ಅನ್ನುವ ಲೈಂಗಿಕ ರೋಗಗಳೆರಡೂ ರಕ್ತದ ಟೆಸ್ಟಿನಲ್ಲಿ ಹಿಡಿಯುವಂಥವಲ್ಲ. ಮೂತ್ರದಲ್ಲೋ, ಆ ಜಾಗದಿಂದ ಹತ್ತಿಕಡ್ಡಿಯಲ್ಲಿ ತೆಗೆದದ್ದರಲ್ಲೋ ನೋಡಬೇಕು. ಸಂಪರ್ಕ ಆಗಿ ಎರಡು ವಾರ ಕಳೆದ ಮೇಲೆ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅಂತ ರಕ್ತದ ಟೆಸ್ಟ್ ಇದೆ. ಅದರ ಹುಣ್ಣು ಹತ್ತು ದಿನದಿಂದ 90 ದಿನದ ಒಳಗೆ ಯಾವಾಗ ಬೇಕಾದರೂ ಏಳಬಹುದು, ಜಾಸ್ತಿ ಜನಕ್ಕೆ ಮೂರನೇ ವಾರದ ಹೊತ್ತಿಗೆ. ನೋವಿರಲ್ಲ, ತಾನೇ ಮಾಯುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಇದಕ್ಕೂ ಮೂರು ತಿಂಗಳಿನ ನೆಗೆಟಿವ್ ಬಂದರೆ ಮನಸ್ಸು ಬಿಡಿ. ಹೆಪಟೈಟಿಸ್ ಬಿ ಸ್ವಲ್ಪ ನಿಧಾನಿ, ಆರು ತಿಂಗಳವರೆಗೂ ನೋಡಬೇಕಾಗಬಹುದು. ಆದರೆ ಅದಕ್ಕೆ ಲಸಿಕೆ ಇದೆ. ಹಾಕಿಸಿಕೊಳ್ಳದವರು ಮೂರು ಡೋಸ್ ಹಾಕಿಸಿಕೊಳ್ಳಿ.

ಹರ್ಪಿಸ್ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಹೇಳಬೇಕು. ಕೆಲವು ಕಡೆ ಫುಲ್ ಪ್ಯಾಕೇಜ್ ಅಂತ ಸಾವಿರಾರು ರೂಪಾಯಿ ತಗೊಂಡು ಹತ್ತಾರು ಟೆಸ್ಟ್ ಒಟ್ಟಿಗೆ ಮಾಡುತ್ತಾರೆ. ಅದರಲ್ಲಿ ಹರ್ಪಿಸ್ ಪ್ರತಿಕಾಯದ ಟೆಸ್ಟೂ ಸೇರಿರುತ್ತದೆ. ಒಬ್ಬ ಕಾಲೇಜು ಹುಡುಗನಿಗೆ ಅದರಲ್ಲಿ ಒಂದನೇ ಬಗೆ ಪಾಸಿಟಿವ್ ಅಂತ ಬಂತು. ಅವನು ಮೂರು ದಿನ ಊಟ ಬಿಟ್ಟ. ಪ್ರಪಂಚದಲ್ಲಿ 50 ವರ್ಷದ ಒಳಗಿನ ಮೂವರಲ್ಲಿ ಸುಮಾರು ಇಬ್ಬರಲ್ಲಿ ಈ ಒಂದನೇ ಬಗೆಯ ವೈರಸ್ ಇದೆ. ಜಾಸ್ತಿ ಜನಕ್ಕೆ ಚಿಕ್ಕಂದಿನಲ್ಲೇ ಬಂದಿರುತ್ತದೆ, ದೊಡ್ಡವರು ಮುದ್ದು ಕೊಟ್ಟು ಬಂದಿರುತ್ತದೆ. ತುಟಿ ಮೇಲೆ ಗುಳ್ಳೆ ಏಳುತ್ತದಲ್ಲ, ಅದೇ. ಮೈಮೇಲೆ ಏನೂ ಇಲ್ಲದವರಿಗೆ ಆ ರಕ್ತದ ಟೆಸ್ಟ್ ಬೇಡ ಅಂತಲೇ ತಿಳಿದ ವೈದ್ಯರು ಹೇಳುತ್ತಾರೆ. ಗುಳ್ಳೆ ಎದ್ದಾಗ ಆ ಗುಳ್ಳೆಯನ್ನೇ ಪರೀಕ್ಷಿಸಬೇಕು. ಬೇಡದ ಟೆಸ್ಟ್ ಬೇಡದ ಭಯ ಹುಟ್ಟಿಸುತ್ತದೆ, ಕಾಸು ಬೇರೆ ಹೋಗುತ್ತದೆ.

ರಿಪೋರ್ಟಿಗಿಂತ ಮೈ ಹೇಳುವುದನ್ನು ಮೊದಲು ಕೇಳಬೇಕಾದ ಸಂದರ್ಭವೂ ಇದೆ. ಬಾಗೇಪಲ್ಲಿ ಕಡೆಯ ಒಬ್ಬ ಗಂಡಸು ಎಚ್‌ಐವಿ ನೆಗೆಟಿವ್ ಅಂತ ಖುಷಿಯಾಗಿ ಎದ್ದು ಹೊರಟಿದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ಮೆಲ್ಲಗೆ “ಉರಿ ಮೂತ್ರ, ಕೀವಿನ ಹಾಗೆ ಹೋಗುತ್ತೆ” ಅಂದರು. ಕೂರಿಸಿ ಮಾತಾಡಿದೆ. ಮನೆಯಲ್ಲಿ ಹೆಂಡತಿಗೆ ಆರು ತಿಂಗಳಿಂದ ಕಿಬ್ಬೊಟ್ಟೆ ನೋವು. ಇಬ್ಬರನ್ನೂ ಲೈಂಗಿಕ ರೋಗ ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿಗೆ ಕಳಿಸಿದೆ. ಅಲ್ಲಿ ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಔಷಧಿ ಕಿಟ್ ಇರುತ್ತದೆ, ಬೂದು, ಹಸಿರು, ಬಿಳಿ, ಹೀಗೆ. ದುಡ್ಡು ಕೊಡಬೇಕಿಲ್ಲ. ಅವರಿಗೆ ಸಿಕ್ಕಿದ್ದು ಬೂದು ಬಣ್ಣದ್ದು. ಹೆಂಡತಿಗೂ ಔಷಧಿ ಆಯಿತು. ಇಬ್ಬರಿಗೂ ಆಗದಿದ್ದರೆ ಒಬ್ಬರಿಂದ ಒಬ್ಬರಿಗೆ ಅದೇ ಕಾಯಿಲೆ ಸುತ್ತುತ್ತಲೇ ಇರುತ್ತದೆ. ಹುಣ್ಣು, ಕೀವು, ಕೆಟ್ಟ ವಾಸನೆಯ ಬಿಳಿ ಸೆರಗು, ತೊಡೆ ಸಂದಿಯಲ್ಲಿ ಗಡ್ಡೆ, ಇವು ಇದ್ದರೆ ಜೇಬಿನಲ್ಲಿ ಎಷ್ಟು ನೆಗೆಟಿವ್ ಚೀಟಿ ಇದ್ದರೂ ಡಾಕ್ಟರಿಗೆ ತೋರಿಸಿ. ಇನ್ನೊಂದು, ಗಂಡನ ರಿಪೋರ್ಟ್ ಹೆಂಡತಿಯ ರಿಪೋರ್ಟ್ ಅಲ್ಲ. “ನಮ್ಮ ಮನೆಯವರದು ನೆಗೆಟಿವ್ ಬಂತಲ್ಲ, ನನಗೆ ಯಾಕೆ” ಅಂತ ಅಕ್ಕಂದಿರು ಹೇಳುತ್ತಾರೆ. ನಿಮ್ಮದು ನಿಮ್ಮ ರಕ್ತವೇ ಹೇಳಬೇಕು. ಬಸುರಿಯಾದಾಗ ಎಚ್‌ಐವಿ, ಸಿಫಿಲಿಸ್ ಎರಡೂ ನೋಡುತ್ತಾರೆ, ಬೇಡ ಅನ್ನಬೇಡಿ. ಗಂಟು ರೋಗದ ಹಾಗೆ ಇವೂ ತಾಯಿಯಿಂದ ಮಗುವಿಗೆ ಇಳಿಯುತ್ತವೆ. ಹುಳುವಿಗೆ ಮದ್ದಿಲ್ಲ, ಮೊಟ್ಟೆ ಸುಡುತ್ತೇವೆ. ನಮಗೆ ಮದ್ದಿದೆ. ಔಷಧಿ ಇಲ್ಲದೆ ಹೋದರೆ ಎಚ್‌ಐವಿ ನೂರರಲ್ಲಿ 15ರಿಂದ 45 ಮಕ್ಕಳಿಗೆ ದಾಟುತ್ತದೆ. ಸರಿಯಾಗಿ ಔಷಧಿ ತಗೊಂಡರೆ ಐದಕ್ಕಿಂತ ಕಡಿಮೆ.

ಈಗ ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಸರಿಯಾದ ದಿನ, ಸರಿಯಾದ ಟೆಸ್ಟ್, ಮೈಮೇಲೆ ಏನೂ ಇಲ್ಲ, ರಿಪೋರ್ಟ್ ನೆಗೆಟಿವ್. ಆದರೂ ಭಯ ಹೋಗಿಲ್ಲ. ಯಾಕೆ?

ನಮ್ಮ ಗಡಿ ಸೀಮೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. “ಅನುಮಾನಂ ಪೆನುಭೂತಂ” ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅನುಮಾನ ದೊಡ್ಡ ದೆವ್ವ ಅಂತ. ಆ ಹುಡುಗ ದಿನಕ್ಕೆ ಇಪ್ಪತ್ತು ಸಲ ಕತ್ತು ಒತ್ತಿ ಗಡ್ಡೆ ಹುಡುಕುತ್ತಿದ್ದ. ಒತ್ತಿ ಒತ್ತಿ ಆ ಜಾಗ ನೋಯುತ್ತಿತ್ತು. ನೋಯುತ್ತದೆ ಅಂದರೆ ಗಡ್ಡೆ ಇದೆ ಅಂತ ಇನ್ನಷ್ಟು ಒತ್ತುತ್ತಿದ್ದ. ಕನ್ನಡಿ ಮುಂದೆ ನಾಲಿಗೆ ಚಾಚಿ ಬಿಳಿ ನೋಡುತ್ತಿದ್ದ. ಊಟ ಸೇರದೆ, ನಿದ್ದೆ ಇಲ್ಲದೆ ಇರುವವನ ನಾಲಿಗೆ ಬೆಳ್ಳಗೇ ಇರುತ್ತದೆ. ಭಯ ಬಿದ್ದರೆ ಹೊಟ್ಟೆ ಕೆಡುತ್ತದೆ, ಬೆವರುತ್ತದೆ, ಕೈಕಾಲು ಸೋಲುತ್ತವೆ. ಗುಪ್ತಾಂಗದ ಮೇಲೆ ಸಾಲಾಗಿ ಸಣ್ಣ ಮುತ್ತಿನಂಥ ಗುಳ್ಳೆ, ಹಳದಿ ಚುಕ್ಕಿ ಕಂಡು ಹೆದರಿ ಬರುವವರು ತುಂಬಾ. ಅವು ಎಷ್ಟೋ ಜನರಿಗೆ ಸಹಜವಾಗಿಯೇ ಇರುತ್ತವೆ, ಇಷ್ಟು ದಿನ ನೋಡಿಕೊಂಡಿರಲಿಲ್ಲ ಅಷ್ಟೇ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂತರೆ ನೀವು ಏನಂತೀರಿ? ಜ್ವರಕ್ಕೆ ಕೂತಿದೆ ಅಂತೀರಿ. ಹೊಸಬರು ನೋಡಿದರೆ ಕಾಯಿಲೆ ಅಂದುಕೊಳ್ಳುತ್ತಾರೆ. ನಿಮಗೆ ಗೊತ್ತು, ಪೊರೆ ಬಿಟ್ಟು ಎದ್ದು ಮತ್ತೆ ಸೊಪ್ಪು ತಿನ್ನುತ್ತದೆ. ಕಂಡದ್ದೆಲ್ಲ ರೋಗ ಅಲ್ಲ.

ಒಂದು ದಿನ ಆ ಹುಡುಗನಿಗೆ ರಕ್ತದ ಮಾತು ಬಿಟ್ಟು ಬೇರೆ ಕೇಳಿದೆ. “ತಮ್ಮಾ, ಪಾಸಿಟಿವ್ ಅಂತ ಬಂದಿದ್ದರೆ ಏನು ಅಂದುಕೊಳ್ಳುತ್ತಿದ್ದೆ?” ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ “ಸರಿಯಾಯ್ತು ಅಂದುಕೊಳ್ಳುತ್ತಿದ್ದೆ ಅಕ್ಕಾ” ಅಂದ. ಅವನಿಗೆ ಮದುವೆ ಗೊತ್ತಾಗಿತ್ತು, ಆ ರಾತ್ರಿಗೆ ಎರಡು ತಿಂಗಳ ಮೊದಲೇ. ಆ ಹುಡುಗಿಗೆ ಮೋಸ ಮಾಡಿದೆ ಅನ್ನುವುದು ಒಳಗೆ ಕೊರೆಯುತ್ತಿತ್ತು. ತಪ್ಪು ಮಾಡಿದವನಿಗೆ ಶಿಕ್ಷೆ ಬರಲೇಬೇಕು, ಇನ್ನೂ ಬಂದಿಲ್ಲ ಅಂದರೆ ಎಲ್ಲೋ ಬಚ್ಚಿಟ್ಟುಕೊಂಡಿದೆ. ಏಳು ಸಲ ಅವನು ಹುಡುಕಿದ್ದು ಆ ಶಿಕ್ಷೆಯನ್ನು.

ಎಚ್‌ಐವಿಗೆ ನಿಮ್ಮ ಪಾಪ ಪುಣ್ಯ ಗೊತ್ತಿಲ್ಲ. ಏನೂ ತಪ್ಪು ಮಾಡದ ಹೆಂಗಸರಿಗೆ ಬಂದದ್ದು ನಾನು ಕಣ್ಣಾರೆ ನೋಡಿದ್ದೇನೆ. ಹೇಗೆಂದರೆ ಹಾಗೆ ಇದ್ದವರಿಗೆ ಬಾರದಿದ್ದದ್ದೂ ನೋಡಿದ್ದೇನೆ. ಕಿಟ್ಟಿನ ಗೆರೆ ವೈರಸ್ ಇದೆಯಾ ಇಲ್ಲವಾ ಅಂತ ಮಾತ್ರ ಹೇಳುತ್ತದೆ. ನೀನು ಒಳ್ಳೆಯವನಾ, ನಿನ್ನನ್ನು ಕ್ಷಮಿಸಬಹುದಾ ಅಂತ ಅದನ್ನು ಕೇಳಿದರೆ ಅದು ಏನು ಹೇಳಬೇಕು? ಎಷ್ಟು ಸಲ ರಕ್ತ ಕೊಟ್ಟರೂ ಆ ಪ್ರಶ್ನೆಗೆ ಉತ್ತರ ಬರಲ್ಲ. ಅದಕ್ಕೇ ನೆಗೆಟಿವ್ ಅನ್ನುವ ಮಾತು ಅವನ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಭಯದ ಇನ್ನೊಂದು ಬೇರು ಹಳೆಯದು. ಎಚ್‌ಐವಿ ಅಂದರೆ ತಲೆಬುರುಡೆ ಚಿತ್ರ ಬರೆದು ಸಾವು ಅಂತ ಹೆದರಿಸಿದ ಕಾಲ ಒಂದಿತ್ತು. ಆ ಚಿತ್ರ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ವೈರಸ್ಸನ್ನು ಅದುಮಿಡುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಈಗ ಜಾಸ್ತಿ ಜನಕ್ಕೆ ದಿನಕ್ಕೆ ಒಂದು ಮಾತ್ರೆ. ತಪ್ಪದೆ ನುಂಗಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದವರಿಂದ ಲೈಂಗಿಕವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ. ಮಕ್ಕಳನ್ನು ಹೆತ್ತು, ಓದಿಸಿ, ಮದುವೆ ಮಾಡಿದವರು ನನಗೆ ಗೊತ್ತು. ಸಿಫಿಲಿಸ್ ಮೊದಲ ಹಂತದಲ್ಲಿ ಸಿಕ್ಕರೆ 24 ಲಕ್ಷ ಯೂನಿಟ್ಟಿನ ಒಂದು ಪೆನಿಸಿಲಿನ್ ಇಂಜೆಕ್ಷನ್ನಿಗೆ ವಾಸಿಯಾಗುತ್ತದೆ. ಪಾಸಿಟಿವ್ ಅನ್ನುವುದೇ ಬದುಕಿನ ಕೊನೆ ಅಲ್ಲ ಅಂತ ಗೊತ್ತಾದರೆ ನೆಗೆಟಿವ್ ನಂಬುವುದು ಸಲೀಸು. ಸೋಂಕು ಇರುವವರನ್ನು ನಾವು ಎಷ್ಟು ಕೀಳಾಗಿ ನೋಡುತ್ತೇವೋ, ನಮ್ಮ ಭಯ ಅಷ್ಟೇ ದೊಡ್ಡದಾಗುತ್ತದೆ. ಇದನ್ನು ನಾನು ತುಂಬಾ ಸಲ ಕಂಡಿದ್ದೇನೆ.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಗುಪ್ತರೋಗ, ಧಾತು ನಷ್ಟ ಅಂತ ಬರೆದಿರುತ್ತಾರಲ್ಲ, ಅಂಥ ಕಡೆಗೂ ಅವನು ಒಮ್ಮೆ ಹೋಗಿದ್ದ. ಕೈ ಹಿಡಿದು ನಾಡಿ ನೋಡಿ “ಒಳಗೆ ಇದೆ, ಟೆಸ್ಟಲ್ಲಿ ಬರಲ್ಲ” ಅಂದು ಪುಡಿ ಕೊಟ್ಟು ಕಾಸು ತಗೊಂಡಿದ್ದರು. ಈ ಮಾತು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೆದರಿದವನಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ.

ಆ ಹುಡುಗನಿಗೆ ಕೊನೆಗೆ ಏನು ಮಾಡಿದೆವು ಹೇಳುತ್ತೇನೆ. ಎಂಟನೇ ಪರೀಕ್ಷೆ ಮಾಡಿಸಲ್ಲ ಅಂತ ಖಡಾಖಂಡಿತ ಹೇಳಿದೆ. ಹೇಳುವಾಗ ನನ್ನ ಕೈಯೂ ನಡುಗುತ್ತಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಮನಸ್ಸಿನ ಕ್ಲಿನಿಕ್ ನಡೆಯುತ್ತದೆ. ಅಲ್ಲಿಗೆ ಜೊತೆಯಲ್ಲೇ ಕರೆದುಕೊಂಡು ಹೋದೆ. ಮತ್ತೆ ಮತ್ತೆ ಒಂದೇ ಯೋಚನೆ ಬರುವುದು, ಅದನ್ನು ತಣಿಸಲು ಮತ್ತೆ ಮತ್ತೆ ಅದೇ ಕೆಲಸ ಮಾಡುವುದು, ಇದಕ್ಕೆ ಹೆಸರೂ ಇದೆ, ಚಿಕಿತ್ಸೆಯೂ ಇದೆ ಅಂತ ಡಾಕ್ಟರು ಹೇಳಿದರು. ಅವನಿಗೆ ಸ್ವಲ್ಪ ದಿನ ಮಾತ್ರೆ ಬೇಕಾಯಿತು. ಜೊತೆಗೆ ಅಭ್ಯಾಸ. ಕತ್ತು ಒತ್ತಬೇಕು ಅನ್ನಿಸಿದಾಗ ಹತ್ತು ನಿಮಿಷ ತಡೆ. ಆಮೇಲೆ ಅರ್ಧ ಗಂಟೆ ತಡೆ. ಮೊಬೈಲಿನಲ್ಲಿ ಲಕ್ಷಣ ಹುಡುಕುವುದು ಬಂದ್. ರಿಪೋರ್ಟನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ. ಅದು ಅವನ ಅಮ್ಮನ ಟ್ರಂಕಿನ ತಳಕ್ಕೆ ಹೋಯಿತು. ಮೊದಲ ಎರಡು ವಾರ ತುಂಬಾ ಒದ್ದಾಡಿದ. ಭಯವನ್ನು ಸಮಾಧಾನ ಮಾಡದೆ ಸುಮ್ನೆ ಬಿಟ್ಟರೆ ಅದು ಏರುತ್ತದೆ, ಒಂದು ಹಂತಕ್ಕೆ ಏರಿ ತಾನೇ ಇಳಿಯುತ್ತದೆ. ಅದು ತಾನೇ ಇಳಿಯುವುದನ್ನು ಅವನು ಸ್ವತಃ ನೋಡಬೇಕಿತ್ತು. ಎಂಟು ಸಲ ಇಳಿದದ್ದನ್ನು ಎಣಿಸಿಕೊಂಡು ಬಂದು ಹೇಳಿದ.

ಇಷ್ಟೆಲ್ಲ ಹೇಳಿದ ಮೇಲೂ ಯಾರಾದರೂ ನೋಡಿಬಿಟ್ಟರೆ ಅಂತ ನೀವು ಆಸ್ಪತ್ರೆ ಬಾಗಿಲು ತುಳಿಯದೆ ಇರಬಹುದು. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು, ರಿಪೋರ್ಟಿನ ಗುಟ್ಟು ಕಾಪಾಡಬೇಕು ಅಂತ 2017ರಲ್ಲಿ ಕಾನೂನೇ ಆಗಿದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಮುಖ ತೋರಿಸಲು ಇಷ್ಟ ಇಲ್ಲದವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕಾಸು ಬೀಳಲ್ಲ. ಮನಸ್ಸಿನ ಒದ್ದಾಟಕ್ಕೆ 14416, ಟೆಲಿ ಮಾನಸ್. ಅಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ.

ಬಾಗಿಲ ಹತ್ತಿರ ಡಬ್ಬಿ ಇಟ್ಟಿದ್ದೆವು, ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಿ ಅಂತ. ಜಾಸ್ತಿ ಪ್ರಶ್ನೆಗೆ ಮಾತಿನ ನಡುವೆಯೇ ಉತ್ತರ ಸಿಕ್ಕಿದೆ. ಒಂದು ಉಳಿದಿದೆ, ಓದುತ್ತೇನೆ. “ಆಗಿ ಐದು ತಿಂಗಳಾಯಿತು. ಮೂರೂವರೆ ತಿಂಗಳಿಗೆ ಒಮ್ಮೆ, ನಾಲ್ಕೂವರೆಗೆ ಒಮ್ಮೆ ಎಚ್‌ಐವಿ, ವಿಡಿಆರ್‌ಎಲ್ ಎರಡೂ ನೆಗೆಟಿವ್. ಮೈಮೇಲೆ ಏನೂ ಇಲ್ಲ. ಆಮೇಲೆ ಯಾರ ಜೊತೆಯೂ ಇಲ್ಲ. ಕೊನೆಯ ಸಲ ಇನ್ನೊಂದು ಮಾಡಿಸಲಾ?”

ಬೇಡ. ಬರೆದವರು ತಮ್ಮನೋ ತಂಗಿಯೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಎಚ್‌ಐವಿ, ಸಿಫಿಲಿಸ್ ಎರಡೂ ನಿಮಗೆ ಇಲ್ಲ. ಮೂತ್ರದ ಟೆಸ್ಟ್ ಮಾಡಿಸಿಲ್ಲದಿದ್ದರೆ ಅದೊಂದನ್ನು ಡಾಕ್ಟರಿಗೆ ಕೇಳಿ, ಒಂದೇ ಸಲ. ಈ ಚೀಟಿಯನ್ನು ನಿಮ್ಮ ಮುಂದೆಯೇ ಹರಿದು ಹಾಕುತ್ತಿದ್ದೇನೆ. ಇನ್ನೂ ಭಯ ಹೋಗದಿದ್ದರೆ ನಾಡಿದ್ದು ಮಂಗಳವಾರ ಆ ಮನಸ್ಸಿನ ಕ್ಲಿನಿಕ್ಕಿಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ. ಬರುವಾಗ ರಿಪೋರ್ಟ್ ತರಬೇಡಿ.